ಲೇಖ್ಯಪತ್ರಗಳೂ ಪ್ರಾಂತಚರಿತ್ರೆಯೂ

ಕರ್ಣಾಟಕದ ಚರಿತ್ರೆಗೆ ಶಿಲಾಶಾಸನಗಳೂ ತಾಮ್ರಶಾಸನಗಳೂ ಮುಖ್ಯಾಧಾರಗಳೆಂಬುದು ವಿದ್ವಾಂಸರೆಲ್ಲರಿಗೂ ವಿದಿತವಾದ ವಿಷಯ. 1886ರಿಂದ 1905ರವರೆಗೆ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳನ್ನು ಪ್ರಕಟಿಸಿದಂದಿನಿಂದ ರಾಜವಂಶಗಳ ಕಾಲನಿರ್ಣಯವೂ ಕವಿಗಳ ಕಾಲನಿರ್ಣಯವೂ ಬಹುಮಟ್ಟಿಗೆ ಶಾಸನಗಳನ್ನೇ ಅವಲಂಬಿಸಿ ನಡೆದುಬಂದಿವೆ. ಅದರಿಂದಾದ ಉಪಕಾರವು ಅಪಾರವಾದುದು. ಆದರೆ ಅರಸನ ಹೆಸರಿಲ್ಲದ ಬರಹವು ಚರಿತ್ರೆಗೆ ಉಪಯುಕ್ತವಲ್ಲವೆಂಬ ಒಂದು ಭಾವನೆಯೂ ಅದರೊಡನೆಯೇ ಬೆಳೆಯಿತು. ಸಾಲಪತ್ರ, ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಅಂಗಡಿಯ ಜಮಾಖರ್ಚು, ಮಠದ ಕಡತ ಇವೇ ಮೊದಲಾದುವು ಅಟ್ಟದ ಮೇಲೆಯೇ ಉಳಿದುವು.

ಈ ಭಾವನೆಯು ಪ್ರಾಚೀನರಿಗೆ ಸಮ್ಮತವಾದುದಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಲೇಖ್ಯವನ್ನು ಎರಡು ವಿಧವಾಗಿ ವಿಂಗಡಿಸುತ್ತಾನೆ: ಒಂದು ಶಾಸನ, ಮತ್ತೊಂದು ಜಾನಪದ. ಅರಸನು ಕೊಡುವುದು ಶಾಸನ. ಜನರು ತಮ್ಮತಮ್ಮೊಳಗೆ ಬರೆದುಕೊಳ್ಳುವುದು ಜಾನಪದ. ಈ ಎರಡನೆಯದು ಸ್ವಹಸ್ತಕೃತ, ಅನ್ಯಕೃತ ಎಂದು ಮತ್ತೆ ಇಬ್ಬಗೆಯಾಗಿರುವುದು. ಎರಡೂ ಲೇಖ್ಯಗಳೇ, ವ್ಯವಹಾರನಿರ್ಣಯದಲ್ಲಿ ಎರಡೂ ಪ್ರಮಾಣಗಳೇ. ಈಚಿನ ಕನ್ನಡದಲ್ಲಿ ‘ಜಾನಪದ’ ಶಬ್ದವು ಹಾಡು, ಕಥೆ, ಗಾದೆಗಳಿಗೆ ರೂಢವಾಗಿದೆ. ಆ ಜಾನಪದವನ್ನು ಸಂಗ್ರಹಿಸಲು ಊರೂರು ತಿರುಗಿದ ವಿದ್ವಾಂಸರು ಎಷ್ಟೋ ಮಂದಿಯುಂಟು. ವಿಜ್ಞಾನೇಶ್ವರನು ಹೇಳಿದ ಜಾನಪದಕ್ಕೆ ಅಷ್ಟು ಭಾಗ್ಯವು ಒದಗಲಿಲ್ಲ.

ಇಂತಹ ಪತ್ರಗಳಿಂದ ಪ್ರಯೋಜನವೇನೆಂದು ಕೇಳಬಹುದು. ಶಾಸನವು ದತ್ತಿಯನ್ನು ಹೇಳುತ್ತದೆ; ದತ್ತಿಯ ಭೂಮಿಯನ್ನು ಯಾರು ಉತ್ತರು, ಫಲವನ್ನು ಯಾವ ಕೊಳಗದಿಂದ ಅಳೆದರು, ಬಡ್ಡಿಯನ್ನು ಧಾನ್ಯವಾಗಿ ಕೊಟ್ಟರೋ ನಾಣ್ಯವಾಗಿ ಕೊಟ್ಟರೋ ಎಂಬುದನ್ನು ತಿಳಿಯಲು ಲೆಕ್ಕದ ಬರಹವೇ ಬೇಕು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದುದರಿಂದ ಕೆಳದಿಯ ಅರಸುತನವು ಕೊನೆಗಂಡಿತೆಂದು ಚರಿತ್ರೆಯಲ್ಲಿ ಓದುತ್ತೇವೆ. ಆದರೆ ಹೈದರನ ವರಹದ ಮೇಲೆ ಇಕ್ಕೇರಿಯ ವರಹದಲ್ಲಿದ್ದ ಶಿವಪಾರ್ವತಿಯರ ಬಿಂಬವೇ ಮುಂದುವರಿಯಿತು. ಅರಸು ಬದಲಾದರೂ ಪೇಟೆಯ ನಂಬಿಕೆಯನ್ನು ಕೆಡಿಸಬಾರದೆಂಬ ವಿವೇಕವು ಅಲ್ಲಿ ಕಾಣುತ್ತದೆ. ವಂಶಾವಳಿಯಲ್ಲಿ ತುಂಡಾಗಿ ತೋರುವ ಕಾಲವು ವ್ಯವಹಾರದಲ್ಲಿ ಅವಿಚ್ಛಿನ್ನವಾಗಿರಬಹುದು. ಅದನ್ನು ಸಾಧಿಸಿ ತೋರಿಸತಕ್ಕುದು ವರ್ತಕರ ಮತ್ತು ಶ್ಯಾನುಭೋಗರ ಬರಹಗಳೇ.

ಸಂಗ್ರಹಕಾರ್ಯವು ಹಿಂದೆ ನಡೆಯದೆ ಇರಲಿಲ್ಲ. ಕರ್ನಲ್ ಕಾಲಿನ್ ಮೆಕೆಂಜಿಯು (1754–1821) ಕಾವಲಿ ಸೋದರರೇ ಮೊದಲಾದ ದೇಶೀಯ ಪಂಡಿತರ ನೆರವಿನಿಂದ ಊರೂರ ಕೈಫಿಯತ್ತುಗಳನ್ನು ಕೂಡಿಸಿದನು. ಆ ಸಂಗ್ರಹದ ವಿವರಣಾತ್ಮಕ ಸೂಚಿಯನ್ನು ಎಚ್. ಎಚ್. ವಿಲ್ಸನ್ 1828ರಲ್ಲಿ ಹೊರಡಿಸಿದನು. ಅದರ ಕನ್ನಡ ಭಾಗದ ಬಹ್ವಂಶವು 1994ರಲ್ಲಿ ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಹೆಸರಿನಿಂದ ಅಚ್ಚಾಯಿತು. ಆದರೆ ಕೈಫಿಯತ್ತಿಗೂ ಲೇಖ್ಯಪತ್ರಕ್ಕೂ ಇರುವ ಭೇದವನ್ನು ಮರೆಯಬಾರದು. ಕೈಫಿಯತ್ತು ಅಧಿಕಾರಿಯ ಕಡೆಯವರು ಕೇಳಿದ ಪ್ರಶ್ನೆಗೆ ಊರವರು ಕೊಟ್ಟ ಉತ್ತರ; ಕೇಳುವವನ ಇಷ್ಟಾನಿಷ್ಟಗಳು ಅದರಲ್ಲಿ ಸೇರಿರುತ್ತವೆ. ಲೇಖ್ಯಪತ್ರವಾದರೋ ಚರಿತ್ರಕಾರನಿಗಾಗಿ ಹುಟ್ಟಿದುದಲ್ಲ. ಅದನ್ನು ಬರೆಯಿಸಿದವನಿಗೆ ಗದ್ದೆಯ ಚತುಸ್ಸೀಮೆಯು ತಪ್ಪದಿದ್ದರೆ ಸಾಕಾಗಿತ್ತು. ಆದುದರಿಂದಲೇ ಅದು ಅರಿಯದೆ ನುಡಿವ ಸಾಕ್ಷಿಯಂತೆ ಬೆಲೆಯುಳ್ಳದ್ದು.

ಶೃಂಗೇರಿಯ ನಿದರ್ಶನವನ್ನು ನೋಡಬಹುದು. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಅಲ್ಲಿಯ ಪತ್ರಗಳನ್ನು ಬೆಳಕಿಗೆ ತಂದರು. 1791ರ ಮರಾಠಾ ದಂಡಿನ ಕೊಳ್ಳೆಯ ತರುವಾಯ ಟಿಪ್ಪುಸುಲ್ತಾನನಿಗೂ ಮಠದ ಗುರುಗಳಿಗೂ ನಡೆದ ಪತ್ರವ್ಯವಹಾರವು ಅಂದಿನಿಂದ ಎಲ್ಲೆಲ್ಲಿಯೂ ಪ್ರಸಿದ್ಧವಾಯಿತು. ಅದೇ ಮಠದ ಕಡತಗಳಿಗೆ ಆ ಪ್ರಸಿದ್ಧಿಯಿಲ್ಲ. ಹುಣಿಸೆಬೀಜದ ಅಂಟಿನೊಡನೆ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದ ಪುಸ್ತಕವೇ ಕಡತ. ಇಂತಹ ಕಡತಗಳನ್ನು ಎ. ಕೆ. ಶಾಸ್ತ್ರಿಗಳು ಬಹುಕಾಲ ಶ್ರಮಿಸಿ ಶೋಧಿಸಿರುವುದು ಶ್ಲಾಘ್ಯವಾದ ಕಾರ್ಯ. ಸುಲ್ತಾನನ ಪತ್ರವನ್ನು ಉದಾಹರಿಸುವವರಲ್ಲಿ ಆ ಕಡತಗಳನ್ನು ಬಿಚ್ಚಿ ನೋಡುವವರು ಎಷ್ಟು ಮಂದಿ? ಪ್ರಸಿದ್ಧನ ಹೆಸರಿರುವ ಒಂದು ಹಾಳೆಯನ್ನು ಆರಿಸಿಕೊಂಡು ಉಳಿದ ಕಟ್ಟನ್ನು ಬಿಡುವುದು ಸಂಗ್ರಹವೆನಿಸಲಾರದು.

ಇನ್ನು ಸಂಗ್ರಹಿಸಿದ ಪತ್ರಗಳಿಂದ ಅರ್ಥವನ್ನು ತೆಗೆಯುವ ಕ್ರಮದಲ್ಲಿ ಒಂದು ದೊಡ್ಡ ಪ್ರಮಾದಕ್ಕೆ ಅವಕಾಶವುಂಟು. ಯಾಜ್ಞವಲ್ಕ್ಯನ ವಿಧಿಯಂತೆ, ಸಾಲಗಾರನು ಸಾಲವನ್ನು ಒಮ್ಮೆಲೇ ತೀರಿಸಲಾರದೆ ಇದ್ದರೆ ಕೊಟ್ಟಷ್ಟನ್ನು ಪತ್ರದ ಹಿಂಬದಿಯಲ್ಲಿ ಬರೆಯಬೇಕು. ಪೂರ್ತಿಯಾಗಿ ತೀರಿಸಿದ ಮೇಲೆ ಪತ್ರವನ್ನು ಹರಿದುಹಾಕಬೇಕು. ಇಲ್ಲವಾದರೆ ಋಣಶುದ್ಧಿಗಾಗಿ ಬೇರೊಂದು ಪತ್ರವನ್ನು ಬರೆಯಿಸಿಕೊಳ್ಳಬೇಕು. ಈ ವಿಧಿಯನ್ನು ಚರಿತ್ರಕಾರನ ದೃಷ್ಟಿಯಿಂದ ವಿಚಾರಿಸಬೇಕಾಗಿದೆ. ನೆಟ್ಟಗೆ ನಡೆದ ವ್ಯವಹಾರವು ತನ್ನ ಗುರುತನ್ನು ತಾನೇ ಅಳಿಸಿಕೊಳ್ಳುತ್ತದೆ. ಉಳಿಯುವುದು ತೀರದ ಸಾಲ, ಮುಗಿಯದ ವ್ಯಾಜ್ಯ, ಮಠಮಾನ್ಯಗಳ ಶಾಶ್ವತ ಹಕ್ಕು. ಅಟ್ಟದ ಮೇಲೆ ಸಿಕ್ಕಿದ ಸಾಲಪತ್ರಗಳನ್ನು ಎಣಿಸಿ, ಆ ಸೀಮೆಯ ಜನರೆಲ್ಲರೂ ಋಣದಲ್ಲಿ ಮುಳುಗಿದ್ದರೆಂದು ಸಿದ್ಧಾಂತ ಮಾಡುವುದು, ಆಸ್ಪತ್ರೆಯಲ್ಲಿರುವವರನ್ನು ಎಣಿಸಿ ಊರೆಲ್ಲವೂ ರೋಗಪೀಡಿತವೆಂದು ಹೇಳಿದಂತಾಗುವುದು. ಹರಿದುಹೋದ ಪತ್ರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಉಳಿದ ಪತ್ರಗಳನ್ನು ಓದತಕ್ಕದ್ದು.

ಉಳಿವಿಗೆ ಕಾರಣವಾದುದನ್ನೂ ವಿಚಾರಿಸಬೇಕು. ಮುಂಬಯಿ ಆಧಿಪತ್ಯದಲ್ಲಿ 1852ರ 11ನೆಯ ಕಾಯಿದೆಯ ಮೇರೆಗೆ ಇನಾಮುಗಳ ವಿಚಾರಣೆಯು ನಡೆದಾಗ, ಧಾರವಾಡ ಬೆಳಗಾವಿಗಳ ಪ್ರಾಂತದ ಇನಾಮುದಾರರು ತಮ್ಮ ಹಕ್ಕಿಗೆ ಆಧಾರವನ್ನು ತೋರಿಸಬೇಕಾಗಿ ಬಂದಿತು. ಅಂತಹ ಕಾಲದಲ್ಲಿ ಸನ್ನದುಗಳು ಜೋಕೆಯಾಗಿ ಉಳಿಯುವುದು ಸಹಜ. ಇಲ್ಲದ ಸನ್ನದುಗಳು ಹುಟ್ಟಿಕೊಳ್ಳುವುದೂ ಅಷ್ಟೇ ಸಹಜ. ಸಂದಿಗ್ಧಲೇಖ್ಯವನ್ನು ಅದೇ ಕರ್ತೃವಿನ ಬೇರೆ ಕೈಬರಹದೊಡನೆ ಹೋಲಿಸಿ ಪರೀಕ್ಷಿಸಬೇಕೆಂದು ಸ್ಮೃತಿಕಾರರು ಹೇಳಿರುವುದು ಇಂತಹ ಸಂಭವವನ್ನು ಬಲ್ಲವರಾದುದರಿಂದಲೇ. ಆದರೆ ಕೂಟಲೇಖ್ಯವೆಂದು ನಿರ್ಣಯವಾದ ಮಾತ್ರಕ್ಕೆ ಅದನ್ನು ಎಸೆಯಬಾರದು. ಅದು ಹೇಳಿಕೊಳ್ಳುವ ಕಾಲಕ್ಕೆ ಪ್ರಮಾಣವಲ್ಲದಿದ್ದರೂ ಅದನ್ನು ರಚಿಸಿದ ಕಾಲದ ಭಯಕ್ಕೂ ಆಶೆಗೂ ಪ್ರಮಾಣವೇ.

ಸಂಪಾದಕರು ಮಾಡುವ ಒಂದು ಅಪಚಾರವನ್ನೂ ಇಲ್ಲಿ ಹೇಳಬೇಕಾಗಿದೆ. ಪತ್ರದ ಮುಮ್ಮುಖವನ್ನು ಮಾತ್ರ ಅಚ್ಚುಮಾಡಿ ಹಿಂಬರಹವನ್ನು ಬಿಡುವುದುಂಟು. ಹಾಗೆ ಬಿಟ್ಟಲ್ಲಿ ಸಾಲದ ಅರ್ಧಕಥೆಯೇ ಬಿಟ್ಟುಹೋಗುತ್ತದೆ. ಮರಾಠಾ ಕಾಲದ ಪತ್ರಗಳಲ್ಲಿ ರೈತನು ರುಜುವಿಗೆ ಬದಲಾಗಿ ನೇಗಿಲಿನ ಗುರುತನ್ನು ಹಾಕುವುದುಂಟು. ಅದನ್ನು ಅಕ್ಷರವಲ್ಲವೆಂದು ಬಿಟ್ಟರೆ ರೈತನನ್ನೇ ಬಿಟ್ಟಂತೆ. ಅದಕ್ಕಿಂತ ಹೆಚ್ಚಿನದು, ಭಾಷೆಯನ್ನು ತಿದ್ದುವುದು. ಶ್ಯಾನುಭೋಗನ ಕನ್ನಡದಲ್ಲಿ ಪಾರಸಿ ಮರಾಠಿ ಶಬ್ದಗಳು ಬೆರೆತಿರುತ್ತವೆ. ಒತ್ತು ದೀರ್ಘಗಳು ನಿಯಮದಂತೆ ಇರುವುದಿಲ್ಲ. ಇವನ್ನು ಅಶುದ್ಧವೆಂದೆಣಿಸಿ ಕೇಶಿರಾಜನ ಸೂತ್ರಗಳಿಗೆ ಒಪ್ಪುವಂತೆ ತಿದ್ದಿದರೆ ಆಡುನುಡಿಯ ಚರಿತ್ರೆಗೆ ಇದ್ದ ಆಧಾರವೇ ಅಳಿದುಹೋಗುವುದು. ವಿಜ್ಞಾನೇಶ್ವರನು ಈ ವಿಷಯದಲ್ಲಿ ಉದಾರಿಯಾಗಿದ್ದಾನೆ. ಅರ್ಥಕ್ರಮವೂ ಅಕ್ಷರವೂ ಲೋಪವಾಗದಿದ್ದರೆ ಸಾಕು, ಲೇಖ್ಯವು ಸಾಧುಶಬ್ದಗಳಿಂದಲೇ ಕೂಡಿರಬೇಕೆಂಬ ನಿಯಮವಿಲ್ಲ, ಅವರವರ ದೇಶಭಾಷೆಯಲ್ಲಿಯೂ ಬರೆಯಬಹುದು ಎಂಬುದು ಅವನ ಅಭಿಪ್ರಾಯ. ಶಾಸ್ತ್ರಕಾರನೇ ಕೊಟ್ಟ ಸ್ವಾತಂತ್ರ್ಯವನ್ನು ಸಂಪಾದಕನು ಕಸಿದುಕೊಳ್ಳುವುದು ನ್ಯಾಯವಲ್ಲ.

ಆದಕಾರಣ ಸಂಗ್ರಾಹಕರು ಕಟ್ಟನ್ನು ಒಡೆಯದೆ, ಯಾವ ಊರಿನಲ್ಲಿ ಯಾವ ಬಗೆಯ ಮನೆಯಲ್ಲಿ ಯಾವ ಕ್ರಮದಲ್ಲಿ ದೊರೆಯಿತೆಂಬುದನ್ನು ಮೊದಲು ಬರೆದಿಟ್ಟು, ಅನಂತರ ಓದುವುದಕ್ಕೆ ತೊಡಗುವುದು ಯುಕ್ತ. ಹಳೆಯ ಮನೆಗಳು ಬೀಳುತ್ತಿವೆ. ಮೋಡಿ ಅಕ್ಷರವನ್ನೂ ಹಳೆಯ ಲೆಕ್ಕದ ಸಂಕೇತಗಳನ್ನೂ ಓದಬಲ್ಲವರು ವಿರಳರಾಗುತ್ತಿದ್ದಾರೆ. ಕಲ್ಲಿನ ಶಾಸನವು ಇನ್ನೊಂದು ತಲೆಮಾರು ಕಾದೀತು. ಕಡತದ ಮೇಲಿನ ಬಳಪದ ಬರಹಕ್ಕೆ ಒಂದು ಒದ್ದೆ ಕೈ ಸಾಕು. ಸಾಲ ತೀರಿಸಿದವನು ಪತ್ರವನ್ನು ಹರಿದುದು ಧರ್ಮ. ಸಾಲ ತೀರುವ ಮೊದಲೇ ಪತ್ರವು ಹಾಳಾಗುವಂತೆ ಬಿಡುವುದು ಧರ್ಮವಲ್ಲ. ಪೂರ್ವಿಕರ ವಿಷಯದಲ್ಲಿ ಚರಿತ್ರಕಾರನ ಋಣವು ಇನ್ನೂ ತೀರಿಲ್ಲ.