ನ್ಯೂಟ್ರಲ್ ಪಂಥದವರಿಗೆ

ಈ ವಾರ ಟೈರಿನ ಗಾಳಿಯ ಬಗ್ಗೆ ಬರೆಯುವುದೆಂದು ಮಾತು ಕೊಟ್ಟಿದ್ದೆ. ಅದರಲ್ಲಿ ಹೇಳುವುದಿಷ್ಟೇ: ಕಂಪನಿ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು ಹಾಕಿಸಿ, ಟೈರ್ ತಣ್ಣಗಿರುವಾಗ ಹಾಕಿಸಿ. ಮುಗಿಯಿತು. ಏಕೆಂದರೆ ನ್ಯೂಟ್ರಲ್ ಪಂಥದವರಿಂದ ಮತ್ತೊಂದು ಪತ್ರ ಬಂದಿದೆ. ಆಗುಂಬೆ ಘಾಟಿಯನ್ನು ನ್ಯೂಟ್ರಲ್‌ನಲ್ಲಿ ಇಳಿದರೆ ಸೋಮೇಶ್ವರದವರೆಗೂ ಪೆಟ್ರೋಲ್ ಖರ್ಚೇ ಇಲ್ಲವಂತೆ.

ಇದೆ ಸ್ವಾಮಿ. ನ್ಯೂಟ್ರಲ್‌ಗೆ ಹಾಕಿದೊಡನೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪುತ್ತದೆ. ಎಂಜಿನ್ ಆಫ್ ಆಗಬಾರದಲ್ಲ, ಅದಕ್ಕೆ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆಯಿರಿ. ಆಗ ಇಳಿಯುವ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮುಚ್ಚಿಬಿಡುತ್ತದೆ. ಆರ್‌ಪಿಎಂ ಐಡ್ಲಿಂಗ್ ಹತ್ತಿರಕ್ಕೆ ಇಳಿಯುವವರೆಗೂ ಹನಿ ಪೆಟ್ರೋಲ್ ಒಳಗೆ ಹೋಗುವುದಿಲ್ಲ.

ಈ ಪಂಥ ಹುಟ್ಟಿದ್ದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ. ಕಾರ್ಬುರೇಟರಿಗೆ ಏರು ಇಳಿಜಾರು ತಿಳಿಯುತ್ತಿರಲಿಲ್ಲ; ಎಂಜಿನ್ ಗಾಳಿ ಎಳೆದರೆ ಜೊತೆಗೆ ಪೆಟ್ರೋಲೂ ಬರುತ್ತಿತ್ತು. ಅಂದಿನವರ ಜಿಪುಣತನಕ್ಕೆ ಅರ್ಥವಿತ್ತು. 2000ರ ಆಸುಪಾಸಿನಲ್ಲಿ ಮಾಲಿನ್ಯದ ನಿಯಮ ಬಿಗಿಯಾಗಿ ಕಾರ್ಬುರೇಟರ್ ಹೋಯಿತು, ಇಂಜೆಕ್ಟರಿನ ಎಂಪಿಎಫ್‌ಐ ಬಂತು. ಮಾವಂದಿರ ಉಪದೇಶ ಮಾತ್ರ ಉಳಿಯಿತು.

ಒಂದು ಮಾತು ಒಪ್ಪುತ್ತೇನೆ. ತೀರಾ ಸಣ್ಣ ಇಳಿಜಾರಿನಲ್ಲಿ ಗೇರು ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ, ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ. ಅಲ್ಲಿ ನ್ಯೂಟ್ರಲ್‌ನವರು ಲೆಕ್ಕದಲ್ಲಿ ಗೆಲ್ಲಲೂಬಹುದು. ಆದರೆ ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ನ್ಯೂಟ್ರಲ್‌ನಲ್ಲಿರುವ ಗಾಡಿಯ ಭಾರವನ್ನೆಲ್ಲ ಬ್ರೇಕೊಂದೇ ಹೊರಬೇಕು. ಕಾದ ಬ್ರೇಕು ಹಿಡಿಯುವುದಿಲ್ಲ. ಕೀ ಆಫ್ ಮಾಡಿ ಇಳಿಯುವ ಮಹಾಶಯರೂ ಇದ್ದಾರೆ: ಬ್ರೇಕಿನ ಬೂಸ್ಟರ್ ಹೋಗುತ್ತದೆ, ಪವರ್ ಸ್ಟೀರಿಂಗ್ ಹೋಗುತ್ತದೆ, ಕೀ ಹೊರಗೆಳೆದರೆ ಸ್ಟೀರಿಂಗೇ ಲಾಕ್. ಹತ್ತುವ ಗೇರಿನಲ್ಲೇ ಇಳಿ ಎನ್ನುವ ಹಳೆಯ ಲಾರಿ ಡ್ರೈವರುಗಳ ಪಾಠದ ಮುಂದೆ ನಮ್ಮ ಇಸಿಯು ವಿದ್ಯೆ ಏನೂ ಅಲ್ಲ.

ಇಷ್ಟೆಲ್ಲ ಜಗಳ ಎಷ್ಟು ಪೆಟ್ರೋಲಿಗೆ? ಸಣ್ಣ ಕಾರು ಐಡ್ಲಿಂಗ್‌ನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಘಾಟಿ ಇಳಿಯಲು ಇಪ್ಪತ್ತು ನಿಮಿಷ ಎಂದುಕೊಂಡರೂ ಒಂದೆರಡು ಲೋಟದ ವ್ಯವಹಾರ. ಇದಕ್ಕೆ ಜೀವ ಬಿಡುವ ಮಂದಿಯೇ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಹೋಗುವವರಿಗೆ ಹಿಂದಿನಿಂದ ಹಾರ್ನ್ ಹೊಡೆಯುತ್ತಾರೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಂಬತ್ತರಿಂದ ನೂರಕ್ಕೆ ಹೋದರೆ ಅದು ಒಂದೂವರೆ ಪಟ್ಟು ದಾಟುತ್ತದೆ. ಈ ಲೆಕ್ಕ ಕೇಳಿ ಒಬ್ಬರೂ ಪತ್ರ ಬರೆದಿಲ್ಲ.