ಸುರುಳಿ ಹೂವು, ಮರುಭೂಮಿಯ ಕಾಳು

ಹುರುಳಿಕಾಯಿ ಗಿಡದ ಹೂವನ್ನು ಎಸಳೆಸಳಾಗಿ ಬಿಡಿಸಿ ನೋಡಬೇಕು. ಮೇಲಿನ ಅಗಲ ಎಸಳನ್ನೂ ಅಕ್ಕಪಕ್ಕದ ಎರಡು ರೆಕ್ಕೆಗಳನ್ನೂ ಸರಿಸಿದರೆ, ಒಳಗಿನ ಎರಡು ಎಸಳು ಒಂದಾಗಿ ನವಿರಾಗಿ ಸುರುಳಿ ಸುತ್ತಿರುತ್ತವೆ. ಕೇಸರ, ಶಲಾಕಾಗ್ರ ಎರಡೂ ಆ ಸುರುಳಿಯೊಳಗೇ. ಹೂ ಅರಳುವ ಹೊತ್ತಿಗೆ ತನ್ನ ಪರಾಗ ತನಗೇ ತಾಗಿ ಆಗಿರುತ್ತದೆ. ಇಂಥ ಹೂವಿಗೆ ಬೇರೊಂದು ಪ್ರಭೇದದ ಪರಾಗ ಸೇರಿಸಬೇಕೆನ್ನುವ ತಳಿ ವಿಜ್ಞಾನಿಗಳು ಅರಳುವ ಮುನ್ನವೇ ಮೊಗ್ಗು ಬಿಡಿಸಿ, ಚಿಮುಟದ ತುದಿಯಿಂದ ಪರಾಗ ಸವರಿ, ಎಸಳನ್ನು ಮತ್ತೆ ಮುಚ್ಚುತ್ತಾರೆ. ಬೆರಳು ಕೊಂಚ ಬಿರುಸಾದರೂ ಮೊಗ್ಗು ಉದುರುತ್ತದೆ. ಆ ಹದವೇ ಈ ವಿದ್ಯೆಯ ಮೊದಲ ಸೊಗಸು.

ಎರಡನೆಯದು ಬಣ್ಣದ ಸೊಗಸು. ಬಟಾಣಿಯಿಂದ ಹೆಸರಾದ ಮೆಂಡೆಲ್, 1866ರಲ್ಲಿ ಅಚ್ಚಾದ ತಮ್ಮ ಬಟಾಣಿ ಪ್ರಬಂಧದಲ್ಲೇ ಬಿಳಿ ಹೂವಿನ ಗಿಡ್ಡ ಬೀನ್ಸನ್ನು ಕೆಂಪು ಹೂವಿನ ರನ್ನರ್ ಬೀನ್ಸಿನೊಂದಿಗೆ ಕೂಡಿಸಿದ್ದನ್ನೂ ಬರೆದಿದ್ದಾರೆ. ಆ ಮಿಶ್ರಗಿಡಗಳ ಬೀಜದಿಂದ ಬಂದ ಮುಂದಿನ ಸಂತತಿಯಲ್ಲಿ ಹೂಬಿಟ್ಟ 31 ಗಿಡಗಳಲ್ಲಿ ಬಿಳಿ ಹೂವಿನದು ಒಂದೇ. ಉಳಿದವುಗಳಲ್ಲಿ ನೇರಳೆಗೆಂಪಿನಿಂದ ತಿಳಿನೇರಳೆಯವರೆಗೆ ಬಣ್ಣ ಇಳಿಯುತ್ತಾ ಹೋಗಿತ್ತು. ಬಟಾಣಿಯ ಲೆಕ್ಕಕ್ಕೆ ಇದು ಒಗ್ಗಲಿಲ್ಲ. ಅವರು ಅದನ್ನು ಮುಚ್ಚಿಡದೆ, ಈ ಬಣ್ಣ ಎರಡೋ ಹೆಚ್ಚೋ ಸ್ವತಂತ್ರ ಬಣ್ಣಗಳ ಕೂಟವಿರಬಹುದು ಎಂದು ಊಹಿಸಿದರು. ಆ ಊಹೆಯ ಚೆಲುವಿಗೆ ನಾನು ಮತ್ತೆ ಮತ್ತೆ ಮನಸೋಲುತ್ತೇನೆ.

ಆದರೆ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಹುರುಳಿಕಾಯಿಯ ಬಂಧುವಾದ ಟೆಪರಿ ಎಂಬ ಪುಟ್ಟ ಕಾಳಿನ ಮುಂದೆ. ಅಮೆರಿಕ, ಮೆಕ್ಸಿಕೊಗಳ ನಡುವಿನ ಸೊನೋರಾ ಮರುಭೂಮಿಯಲ್ಲಿ ಟೊಹೋನೊ ಓಡಮ್ ಜನ ಬೇಸಿಗೆ ಮಳೆಯ ಹರಿನೀರು ಹಿಡಿದು ಇದನ್ನು ಬೆಳೆದವರು. ಬಿಸಿಲೇರಿದಾಗ ಅದರ ಕಿರಿದಾದ ಎಲೆಗಳು ಓರೆಯಾಗಿ ತಿರುಗಿ, ಮೈಗೆ ಬೀಳುವ ಬಿಸಿಲನ್ನು ಕಡಿಮೆ ಮಾಡಿಕೊಳ್ಳುತ್ತವೆ.

ಟೆಪರಿಗೂ ಹುರುಳಿಕಾಯಿಗೂ ಕ್ರೋಮೋಸೋಮುಗಳು 22. ಲೆಕ್ಕ ಕೂಡಿದರೂ ಸಂಬಂಧ ಸುಲಭಕ್ಕೆ ಕೂಡದು. ಕಾಯಿ ಕಟ್ಟಿದರೂ ಒಳಗಿನ ಭ್ರೂಣ ಅರೆ ಬೆಳೆದು ಸಾಯುತ್ತದೆ. 1956ರಲ್ಲಿ ಶಿಗೆಮಿ ಹೋನ್ಮಾ ಈ ಎರಡರ ಮಿಶ್ರತಳಿ ಪಡೆದ ಬಗೆಯನ್ನು ಪ್ರಕಟಿಸಿದರು. ಎಳೆಗಾಯಿ ಸೀಳಿ, ಭ್ರೂಣವನ್ನು ಎತ್ತಿ, ಗಾಜಿನ ಕೊಳವೆಯ ಪೋಷಕ ಮಾಧ್ಯಮದಲ್ಲಿ ಸಾಕುವ ಬಗೆ ಅದು. ತಾಯಿಗಿಡ ಉಣಿಸಲಾರದ್ದನ್ನು ಮನುಷ್ಯನ ಕೈ ಉಣಿಸಿತು.

ಹುಟ್ಟಿದ ಗಿಡ ಬಹುಮಟ್ಟಿಗೆ ಬಂಜೆ. ಅದನ್ನು ಮತ್ತೆ ಮತ್ತೆ ಹುರುಳಿಕಾಯಿಗೇ ಕೂಡಿಸಿದರೆ ಟೆಪರಿಯ ಗುಣ ತಲೆಮಾರು ಕಳೆದಂತೆ ಕರಗುತ್ತದೆ. ಇದಕ್ಕೆ ಕಂಡುಕೊಂಡ ದಾರಿ ಅತಿ ಸುಂದರ: ಒಂದು ತಲೆಮಾರಿಗೆ ಹುರುಳಿಕಾಯಿ, ಮುಂದಿನದಕ್ಕೆ ಟೆಪರಿ, ಹೀಗೆ ಸರದಿಯಂತೆ ಕೂಡಿಸುವುದು. ಹೊಸ ಸೊಸೆ ತವರಿಗೂ ಗಂಡನ ಮನೆಗೂ ಹೋಗಿ ಬರುತ್ತಾ ಬರುತ್ತಾ ಎರಡು ಮನೆಗಳೂ ಒಗ್ಗಿಕೊಳ್ಳುವಂತೆ, ಇಲ್ಲಿಯೂ ಸರದಿ ಮುಂದುವರಿದಷ್ಟು ಗಿಡ ಫಲವಂತವಾಗುತ್ತದೆ.

ಈ ಶ್ರಮದ ಬೆಲೆ ಸೆಕೆಯಲ್ಲಿ ತಿಳಿಯುತ್ತದೆ: ರಾತ್ರಿಯ ಸೆಕೆ ಹೆಚ್ಚಿದರೆ ಹುರುಳಿಕಾಯಿಯ ಪರಾಗ ಸೊರಗಿ ಕಾಯಿ ಕಟ್ಟದು. ಕೊಲಂಬಿಯಾದ ಪಾಲ್ಮೀರಾ ಬಳಿಯ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಕೇಂದ್ರ 2015ರಲ್ಲಿ ಸೆಕೆ ತಾಳುವ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಟೆಪರಿಯೊಂದಿಗಿನ ಸಂಕರದಿಂದ ಬಂದವೂ ಇದ್ದವು. ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಬಡ ರೈತರ ಅನ್ನ ಹುರುಳಿಕಾಯಿಯ ಕಾಳು. ಅವರಿಗೆ ಒಂದೆರಡು ಡಿಗ್ರಿ ಹೆಚ್ಚು ತಾಳುವ ಗಿಡ ಎಂದರೆ ಉಳಿದ ಬೆಳೆ.

ಆ ತಾಳಿಕೆಯನ್ನು ಮರುಭೂಮಿ ಕಲಿಸಿತು, ಕಾಳು ಆರಿಸಿ, ಎತ್ತಿಟ್ಟು, ಮರುವರ್ಷ ಬಿತ್ತಿದ ಟೊಹೋನೊ ಓಡಮ್‌ರಂಥ ಒಕ್ಕಲು ಜನ ಕಾಪಾಡಿದರು, ಪ್ರಯೋಗಾಲಯ ದಾಟಿಸಿತು. ಹೊಸ ತಳಿಗೆ ತಲೆದೂಗುವಾಗ ಈ ಮೂರಕ್ಕೂ ಸಲ್ಲುವಷ್ಟು ತಲೆದೂಗಬೇಕು.