‘ಅಪರಾಧಿ ಬುಡಕಟ್ಟು’ ಎಂಬ ಹೇತುವಿನ ಪರೀಕ್ಷೆ

1909ರಲ್ಲಿ ಏಳು ಸಂಪುಟಗಳಾಗಿ ಪ್ರಕಟವಾದ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿ ಕೊರಚ, ಲಂಬಾಣಿಗಳ ಆಚಾರ ವೇಷಗಳ ವರ್ಣನೆಯು ಶ್ಲಾಘ್ಯವಾದುದೇ. ಆದರೆ ದರೋಡೆಯ ಮಾತು ಬಂದೊಡನೆ ಗ್ರಂಥಕಾರರು ಪೊಲೀಸು ಅಧಿಕಾರಿಗಳನ್ನು, ವಿಶೇಷವಾಗಿ ಮುಲಾಲಿಯವರ 1892ರ ಪುಸ್ತಕವನ್ನು, ಆಶ್ರಯಿಸುವರು. ಪೊಲೀಸರ ಸಂಶಯವು ಗ್ರಂಥಕ್ಕೆ ಪ್ರಮಾಣ. ಗ್ರಂಥವು ಸಂಶಯಕ್ಕೆ ಪ್ರಮಾಣ. ಇದು ಅನ್ಯೋನ್ಯಾಶ್ರಯ. 1911ರಲ್ಲಿ ಮದರಾಸಿಗೂ ಅನ್ವಯಿಸಿದ ಶಾಸನದಿಂದ ಹಾಜರಿ ತಪ್ಪುವುದೇ ಅಪರಾಧವಾಯಿತು; ಹಾಗೆ ಬೆಳೆದ ಶಿಕ್ಷಿತರ ಸಂಖ್ಯೆ ಮರಳಿ ಕುಲಸ್ವಭಾವಕ್ಕೆ ಸಾಕ್ಷಿಯಾಯಿತು.

ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಹಸಿ ಸೌದೆಯೆಂಬ ಉಪಾಧಿ ಬೇಕೆಂದು ನೈಯಾಯಿಕರು ಹೇಳುವರು. ಇಲ್ಲಿ ಆ ಹಸಿ ಸೌದೆ ಯಾವುದು? 1791-92ರ ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿಗೆ ಎತ್ತುಗಳ ಮೇಲೆ ಧಾನ್ಯ ತಂದವರು ಇದೇ ಲಂಬಾಣಿಗಳು. ರೈಲು ಬಂದು ಹೇರೆತ್ತುಗಳ ಸಾಗಣೆ ನಿಂತಿತು. ಸರಕಾರದ ಉಪ್ಪಿನ ನೀತಿಯಿಂದ ಕೊರಚರ ವ್ಯಾಪಾರ ಕೆಟ್ಟಿತು. ಅರಣ್ಯ ಕಾನೂನು ಮೇವನ್ನು ಕಸಿಯಿತು. ಕುಲ ಅದೇ, ಉಪಾಧಿ ಬೇರೆ.

ಹಿಂದೆ ಹೊನ್ನಾಳಿಗೆ ಸೇರಿದ್ದು, ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಸೂರಗೊಂಡನಕೊಪ್ಪವು ಸೇವಾಲಾಲರ ಜನ್ಮಕ್ಷೇತ್ರ. ಚನ್ನಗಿರಿ, ಜಗಳೂರುಗಳ ತಾಂಡಾಗಳಲ್ಲಿ ನೇಗಿಲು ಹಿಡಿದವರೂ ಆತನ ಭಕ್ತರೇ. ಜನ್ಮವೆಂಬ ಹೇತು ಇವರಲ್ಲಿ ಉಂಟು, ದರೋಡೆಯೆಂಬ ಸಾಧ್ಯವಿಲ್ಲ, ಹೇತುವು ಸವ್ಯಭಿಚಾರಿ. ಶಾಸನವು 1952ರ ಆಗಸ್ಟ್ 31ರಂದು ರದ್ದಾಯಿತು. ಗ್ರಂಥವು ಮಾತ್ರ ಇದ್ದಂತೆಯೇ ಮರುಮುದ್ರಣಗೊಂಡಿದೆ.